ರಾಜಾ ಅಂಪಟ್‌ಗೆ ಇನ್ನು 16 ದಿನ: ಬ್ಯಾಗೂ ಮುಚ್ತಿಲ್ಲ, ಕಣ್ಣೂ ಮುಚ್ತಿಲ್ಲ

ನೀರುನಾಯಿ · ಡಿ. 27, ರಾತ್ರಿ 11:50

ಹಾಲ್‌ನಲ್ಲಿ ದಿವಾನದ ಪಕ್ಕ ಹತ್ತು ದಿನದಿಂದ ಒಂದು ಹಳೇ ಬೆಡ್‌ಶೀಟ್ ಹಾಸಿದೆ. ಅದರ ಮೇಲೆ ನನ್ನ ಡೈವಿಂಗ್ ಸಾಮಾನು. ಅತ್ತೆ ಬೆಳಿಗ್ಗೆ ದೇವರ ಮನೆಗೆ ಹೋಗುವಾಗ ಅದನ್ನ ಬಳಸಿಕೊಂಡು ಹೋಗ್ತಾರೆ, ಏನೂ ಅನ್ನಲ್ಲ. ಅನ್ನದೇ ಇರೋದೇ ಕಷ್ಟ.

ವಿಷಯ ಇಷ್ಟು. ಜನವರಿ 12ರ ರಾತ್ರಿ ಬೆಂಗಳೂರಿಂದ ಹೊರಡ್ತೀನಿ. ಇಂಡೊನೇಷ್ಯಾದ ಜಕಾರ್ತಾ, ಅಲ್ಲಿಂದ ಪಪುವಾ ಕಡೆಯ ಸೊರೊಂಗ್, ಸೊರೊಂಗ್ ಬಂದರಲ್ಲಿ ಹಡಗು ಹತ್ತಿದರೆ ರಾಜಾ ಅಂಪಟ್ ದ್ವೀಪಗಳು. 11 ರಾತ್ರಿ ಹಡಗಲ್ಲೇ ವಾಸ, ದಿನಕ್ಕೆ ಮೂರು-ನಾಲ್ಕು ಡೈವ್. ಜೊತೆಗೆ ಬರಬೇಕಿದ್ದ ಗೆಳತಿಗೆ ಮಂಡಿ ಆಪರೇಷನ್ ಆಯ್ತು, ಹಾಗಾಗಿ ಒಬ್ಬಳೇ. ವಯಸ್ಸು 46. ಇದುವರೆಗೆ 38 ಡೈವ್, ಹೆಚ್ಚಿನವು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ, ಉಳಿದದ್ದು ಅಂಡಮಾನ್. ನೀರಿಗಿಳಿದು 14 ತಿಂಗಳಾಯ್ತು.

ತೂಕ 27.4 ಕೆಜಿ. ಸೊರೊಂಗ್ ಟಿಕೆಟ್‌ನಲ್ಲಿ ಬಿಟ್ಟಿರೋದು 20. ಬಿಸಿಡಿ (ತೇಲೋಕೆ ಗಾಳಿ ತುಂಬೋ ಜಾಕೆಟ್), ರೆಗ್ಯುಲೇಟರ್ (ಸಿಲಿಂಡರ್ ಗಾಳಿ ಉಸಿರಾಡೋ ಉಪಕರಣ), ಫಿನ್ಸ್, 3 ಎಂಎಂ ಸೂಟು, 5 ಎಂಎಂ ಸೂಟು (ಇರಲಿ ಅಂತ), ಮೂರು ಮಾಸ್ಕ್, ಎರಡು ಟಾರ್ಚ್, ಎರಡು ಚಾಕು, ಒಂದು ಡಬ್ಬ ಔಷಧಿ, 11 ಟೀಶರ್ಟ್, ಎರಡು ಟರ್ಕಿ ಟವೆಲ್, ಮೂರು ಕೆಜಿ ತಿಂಡಿ. ದಿನಾ ರಾತ್ರಿ ಒಂದು ತೆಗೀತೀನಿ, ಎರಡು ಹಾಕ್ತೀನಿ. ಆಮೇಲೆ ಮಲಗಿದರೆ ಎದೆ ಡವಡವ, ಮೂರು ಗಂಟೆಗೆ ಎದ್ದು ಮತ್ತೆ ತೂಕದ ಕೊಕ್ಕೆ ಹಿಡ್ಕೊಂಡು ನಿಂತಿರ್ತೀನಿ. ಹೋಗಿಬಂದವರು ಯಾರಾದರೂ ಇದ್ದರೆ ಹೇಳಿ, ಏನು ತೆಗೀಲಿ?

ಪೇಡೆ_ಪಾರ್ಸೆಲ್ · ಡಿ. 28, ಬೆಳಿಗ್ಗೆ 6:15

ಅಕ್ಕಾರ, ನಾ 2019ರಾಗ ಹೋಗಿದ್ದೆ. ಮೊದಲ 5 ಎಂಎಂ ಸೂಟು ತಗದ ಬಾಜೂಕ ಇಡ್ರಿ. ಅಲ್ಲಿ ನೀರು 27ರಿಂದ 30 ಡಿಗ್ರಿ, ನಮ್ಮ ಧಾರವಾಡದ ನಳದ ನೀರಿಗಿಂತ ಬೆಚ್ಚಗ ಇರ್ತದ. ದಿನಾ ನಾಲ್ಕ ಸಲ ಇಳದ್ರ ಮೂರನೇ ದಿನದಿಂದ ಮೈ ಥಂಡ್ ಹಿಡೀತದ, ಅದು ಖರೇ. ಅದಕ್ಕ 3 ಎಂಎಂ ಒಳಗ ಒಂದು ತೆಳು ರ‍್ಯಾಶ್‌ಗಾರ್ಡ್, ತಲಿಗೆ ಒಂದು ಹುಡ್. ಮುಗೀತು.

11 ಟೀಶರ್ಟ್ ಯಾಕ್ರಿ? ಹಡಗಿನ್ಯಾಗ ಮದಿವಿ ಇಲ್ಲ. ಎರಡ ಸಾಕು. ನಾ ಹತ್ತ ದಿನ ಒಂದ ಲುಂಗಿ, ಒಂದ ಬನೀನು ಮ್ಯಾಲೆ ಕಳದೇನಿ.

ಅಳಿವೆಬಾಗಿಲು · ಡಿ. 28, ಬೆಳಿಗ್ಗೆ 7:40

ಟರ್ಕಿ ಟವೆಲ್ ಮನೆಯಲ್ಲೇ ಇರಲಿ ಮಾರಾಯ್ರೆ, ಒಮ್ಮೆ ಒದ್ದೆ ಆದರೆ ಹಡಗಿನಲ್ಲಿ ಅದು ಒಣಗುವುದಿಲ್ಲ, ನಾರ್ತದೆ. ಎರಡು ಬೈರಾಸು (ತೆಳು ಹತ್ತಿಯ ಟವೆಲ್) ತಗೊಳ್ಳಿ. ಮೈ ಒರೆಸ್ಲಿಕ್ಕೆ, ತಲೆಗೆ ಸುತ್ತಲಿಕ್ಕೆ, ಕ್ಯಾಮೆರಾ ಸುತ್ತಿಡ್ಲಿಕ್ಕೆ ಎಲ್ಲಕ್ಕೂ ಅದೇ. ಗಾಳಿಗೆ ಹಿಡಿದರೆ ಅರ್ಧ ಗಂಟೆಯಲ್ಲಿ ಒಣಗ್ತದೆ.

ನಾನು ನೇತ್ರಾಣಿಯಲ್ಲಿ ಏಳು ಸೀಸನ್ ಡೈವ್‌ಮಾಸ್ಟರ್ ಆಗಿ ಕೆಲಸ ಮಾಡಿದವ. ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಎರಡು ಮಾಸ್ಕ್ ಎಲ್ಲರೂ ತರ್ತಾರೆ. ಮೂರು ಯಾರೂ ಸುಮ್ಮನೆ ತರುವುದಿಲ್ಲ. ಎಂತ ಆಗಿತ್ತು?

ಪರ್ತ್_ಪಡಸಾಲೆ · ಡಿ. 28, ಬೆಳಿಗ್ಗೆ 9:05

ಸಾಮಾನಿನ ಬಗ್ಗೆ ಇನ್ನಷ್ಟು. ಚೆಕ್-ಇನ್ ಬ್ಯಾಗ್ ಜಕಾರ್ತಾದಲ್ಲೇ ಉಳಿದುಬಿಟ್ಟರೆ ಹಡಗು ನಿಮಗಾಗಿ ಕಾಯಲ್ಲ. ಹಾಗಾಗಿ ಬೇರೆಯವರಿಂದ ಎರವಲು ಪಡೆಯೋಕೆ ಆಗದ್ದು ಕೈಚೀಲದಲ್ಲಿರಲಿ: ರೆಗ್ಯುಲೇಟರ್, ಡೈವ್ ಕಂಪ್ಯೂಟರ್, ನಿಮ್ಮ ಮುಖಕ್ಕೆ ಹೊಂದಿದ ಮಾಸ್ಕ್, ಔಷಧಿ, ಒಂದು ಈಜುಡುಗೆ. ಬಿಸಿಡಿ, ಫಿನ್ಸ್, ಸೂಟು ಹಡಗಲ್ಲೂ ಬಾಡಿಗೆಗೆ ಸಿಗಬಹುದು, ಈಗಲೇ ಇಮೇಲ್ ಮಾಡಿ ನಿಮ್ಮ ಅಳತೆ ಇದೆಯಾ ಕೇಳಿ. ಬಿಸಿಡಿ ಒಂದು ಬಿಟ್ಟರೆ ಮೂರು-ನಾಲ್ಕು ಕೆಜಿ ಕಮ್ಮಿ. ಚಾಕು ಮಾತ್ರ ಚೆಕ್-ಇನ್‌ನಲ್ಲಿ. ಅದೂ ಒಂದು ಸಾಕು, ಎರಡು ಯಾಕೆ?

ಬ್ಯಾಟರಿ: ಪವರ್‌ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ. 100 ವ್ಯಾಟ್-ಅವರ್ ಒಳಗಿದ್ದರೆ ತೊಂದರೆಯಿಲ್ಲ. 20,000 ಎಂಎಎಚ್ ಪವರ್‌ಬ್ಯಾಂಕ್ ಅಂದರೆ ಸುಮಾರು 74. ಡೈವ್ ಟಾರ್ಚ್‌ನ ಬ್ಯಾಟರಿ ತೆಗೆದು ಬೇರೆ ಇಡಿ, ಬ್ಯಾಗಲ್ಲಿ ತಾನಾಗೇ ಹತ್ತಿಕೊಂಡರೆ ನೀರಿನ ತಂಪಿಲ್ಲದೆ ವಿಪರೀತ ಕಾಯುತ್ತೆ.

ಇನ್ನೊಂದು ಮುಖ್ಯ ಮಾತು. ಹೊರದೇಶದ ವಿಡಿಯೋ ನೋಡಿ ಸ್ಯಾಟಲೈಟ್ ಮೆಸೆಂಜರ್ ಕೊಳ್ಳೋಕೆ ಹೋಗಬೇಡಿ. ಭಾರತದ ವಿಮಾನ ನಿಲ್ದಾಣದಲ್ಲಿ ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನ್, ಅಂಥ ಸಾಧನ ಇಟ್ಟುಕೊಂಡು ಸಿಕ್ಕಿಬಿದ್ದು ಪೊಲೀಸ್ ಠಾಣೆ ಕಂಡವರಿದ್ದಾರೆ. ಪ್ರವಾಸ ಅಲ್ಲಿಗೇ ಮುಗಿಯುತ್ತೆ.

ಅರ್ಧಂಬರ್ಧ · ಡಿ. 28, ಮಧ್ಯಾಹ್ನ 1:20

ಇಷ್ಟು ದುಡ್ಡು ಕೊಟ್ಟು ನಿದ್ದೆಗೆಡೋದು ಯಾಕೆ? ಹೆದರಿಕೆ ಆಗ್ತಿದ್ರೆ ಹೋಗಲೇಬೇಕು ಅಂತ ಯಾರಾದ್ರೂ ಶಾಸನ ಬರೆದಿದ್ದಾರಾ? ನಾನು ಮಾಲ್ದೀವ್ಸ್‌ನಲ್ಲಿ ಸ್ನಾರ್ಕೆಲ್ ಮಾಡಿದೆ, ಮೀನು ಕಂಡವು, ಬಂದೆ.

ನೀರುನಾಯಿ · ಡಿ. 28, ರಾತ್ರಿ 10:30

@ಅರ್ಧಂಬರ್ಧ, ಅದೇ ಪ್ರಶ್ನೆ ನಾನೂ ದಿನಾ ರಾತ್ರಿ ಮೂರಕ್ಕೆ ಕೇಳ್ಕೊಳ್ತೀನಿ. ಬೆಳಿಗ್ಗೆ ಆರಕ್ಕೆ ಹೋಗ್ಬೇಕು ಅನ್ಸುತ್ತೆ. ಆರು ವರ್ಷದಿಂದ ಕೂಡಿಟ್ಟ ಆರ್‌ಡಿ ಇದು.

@ಅಳಿವೆಬಾಗಿಲು, ನೀವು ಕೇಳಿದ್ದಕ್ಕೆ ಉತ್ತರ ಬರೆಯೋಕೆ ಬೆಳಿಗ್ಗೆಯಿಂದ ಮೂರು ಸಲ ಕೂತೆ.

2024ರ ನವೆಂಬರ್, ಅಂಡಮಾನ್. ಹದಿನಾರು ಮೀಟರ್ ಹತ್ತಿರ ನನ್ನ ಮಾಸ್ಕಿನ ಪಟ್ಟಿ ಕಿತ್ತುಹೋಯ್ತು. ಮಾಸ್ಕ್ ಒಂದು ಕೈಲಿ ಒತ್ತಿ ಹಿಡ್ಕೊಂಡೆ, ನೀರು ಊದಿ ಹೊರಗೆ ಹಾಕಿದೆ, ಅಷ್ಟರಮಟ್ಟಿಗೆ ಸರಿಯಾಗೇ ಮಾಡಿದೆ. ತಲೆಯೆತ್ತಿ ನೋಡಿದರೆ ಗುಂಪು ಇಲ್ಲ. ಸೆಳೆತ ಇತ್ತು, ನಾನು ಎಷ್ಟು ಸರಿದಿದ್ದೀನಿ ಅಂತ ನನಗೇ ಗೊತ್ತಾಗ್ಲಿಲ್ಲ. ಒಂದು ನಿಮಿಷ ಸುತ್ತ ನೋಡಿ, ಹೇಳಿಕೊಟ್ಟ ಹಾಗೇ ನಿಧಾನಕ್ಕೆ ಮೇಲೆ ಬಂದೆ, ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಂತೆ. ಮೇಲೆ ಬಂದರೆ ಬೋಟ್ ದೂರದಲ್ಲಿ, ಆ ಕಡೆ ಮುಖ ಮಾಡಿ ನಿಂತಿತ್ತು. ಕೈ ಬೀಸಿದೆ. ಕೂಗಿದೆ. ಅಲೆ ಮೇಲೆ ಬಂದಾಗ ಬೋಟ್ ಕಾಣುತ್ತೆ, ಇಳಿದಾಗ ಬರೀ ನೀರು. ಅವರು ನನ್ನ ನೋಡೋಕೆ 20 ನಿಮಿಷ ಆಯ್ತು.

ಮನೇಲಿ ಯಾರಿಗೂ ಹೇಳಿಲ್ಲ. ಯಜಮಾನರಿಗೂ ಇಲ್ಲ. ಹೇಳಿದ್ರೆ ಮತ್ತೆ ಕಳಿಸಲ್ಲ ಅನ್ನೋ ಭಯ. ಅದಕ್ಕೇ ಮೂರು ಮಾಸ್ಕ್.

ಅಳಿವೆಬಾಗಿಲು · ಡಿ. 29, ಬೆಳಿಗ್ಗೆ 5:50

ಬರೆದದ್ದು ಒಳ್ಳೆಯದಾಯ್ತು ಅಕ್ಕ.

ನಿಮ್ಮ ಪಟ್ಟಿಯನ್ನು ಇನ್ನೊಮ್ಮೆ ಓದಿದೆ. ಅದರಲ್ಲಿ ಎಸ್‌ಎಂಬಿ ಇಲ್ಲ, ಅಂದರೆ ನಾವು ಎಲ್ಲಿದ್ದೇವೆ ಅಂತ ಬೋಟಿನವರಿಗೆ ತೋರಿಸ್ಲಿಕ್ಕೆ ಗಾಳಿ ತುಂಬಿ ಮೇಲೆ ಬಿಡುವ ಉದ್ದದ ಬಲೂನು. ಸೀಟಿ ಇಲ್ಲ. ಮಾಸ್ಕಿನ ಪಟ್ಟಿ ತುಂಡಾದದ್ದಕ್ಕೆ ನೀವು ಒಂದೇ ನಿಮಿಷದಲ್ಲಿ ಪರಿಹಾರ ಕಂಡುಕೊಂಡದ್ದು ಉಂಟಲ್ಲ. ನಿಮ್ಮನ್ನು ಹೆದರಿಸಿದ್ದು ಆ ಇಪ್ಪತ್ತು ನಿಮಿಷ. ನೀವು ಬ್ಯಾಗ್ ತುಂಬಿಸ್ತಾ ಇರುವುದು ಮಾಸ್ಕಿನ ಪಟ್ಟಿಗೆ, ಇಪ್ಪತ್ತು ನಿಮಿಷಕ್ಕೆ ಎಂತದೂ ಇಟ್ಟಿಲ್ಲ.

ಎರಡು ಮಾಸ್ಕ್, ಅದಕ್ಕೆ ಒಂದು ಹೆಚ್ಚಿನ ಬಟ್ಟೆ ಪಟ್ಟಿ. ಮೂರನೆಯದರ ಜಾಗದಲ್ಲಿ ಕೇಸರಿ ಬಣ್ಣದ ಉದ್ದದ ಎಸ್‌ಎಂಬಿ, ದಾರದ ಸ್ಪೂಲ್, ಒಂದು ಸೀಟಿ, ಒಂದು ಸಣ್ಣ ಕನ್ನಡಿ. ಎಲ್ಲ ಸೇರಿ ಒಂದು ಕೆಜಿ ಆಗುವುದಿಲ್ಲ.

ನೀರುನಾಯಿ · ಡಿ. 29, ಬೆಳಿಗ್ಗೆ 8:10

ಎಸ್‌ಎಂಬಿ ಇದೆ. ಅಂಡಮಾನಿಂದ ಬಂದ ವಾರವೇ ತರಿಸಿದ್ದೆ. ಬೀರುವಲ್ಲಿದೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ. ಅದನ್ನ ನೋಡಿದ್ರೆ ಆಗಲ್ಲ ನನಗೆ.

ಅಳಿವೆಬಾಗಿಲು · ಡಿ. 29, ಬೆಳಿಗ್ಗೆ 8:25

ಇವತ್ತು ಕವರ್ ಬಿಚ್ಚಿ. ಸಂಜೆ ಊದಿ, ಹಾಲ್‌ನಲ್ಲೇ ನಿಲ್ಲಿಸಿ. ಅತ್ತೆಗೂ ತೋರಿಸಿ.

ಜನವರಿ 3ರ ರಾತ್ರಿ ಮುರುಡೇಶ್ವರದ ಬಸ್ ಹಿಡೀರಿ. ನೇತ್ರಾಣಿ ಸೀಸನ್ ಈಗ ನಡೀತಾ ಉಂಟು. ಎರಡು ಡೈವ್ ಮಾಡಿ, ಮೀನು ನೋಡ್ಲಿಕ್ಕಲ್ಲ. ಒಂದೇ ಕೆಲಸ: ಐದು-ಆರು ಮೀಟರ್‌ನಲ್ಲಿ ನಿಂತು ಎಸ್‌ಎಂಬಿ ಬಿಡುವುದು. ಮೂರು ಸಲ, ಐದು ಸಲ, ಕೈಗೆ ಬರುವ ತನಕ. ದಾರ ಯಾವತ್ತೂ ನಿಮ್ಮ ಮೈಗೆ, ಬಿಸಿಡಿಗೆ ಕ್ಲಿಪ್ ಮಾಡಬೇಡಿ. ಸ್ಪೂಲ್ ಸಿಕ್ಕಿಕೊಂಡರೆ ಬಲೂನು ನಿಮ್ಮನ್ನೂ ಎಳ್ಕೊಂಡು ಮೇಲೆ ಹೋಗ್ತದೆ. ಸಿಕ್ಕಿತು ಅನ್ನಿಸಿದರೆ ಕೈ ಬಿಟ್ಟುಬಿಡಿ. ಬಲೂನು ಹೋದರೆ ಹೋಗಲಿ, ದುಡ್ಡು ಕೊಟ್ಟರೆ ಇನ್ನೊಂದು ಸಿಗ್ತದೆ.

ರೆಗ್ಯುಲೇಟರ್ ಸರ್ವಿಸ್ ಮಾಡಿಸಿದ್ದೀರಾ? ಈಗ ಮಾಡಿಸಿದರೆ ಅದನ್ನೂ ನೇತ್ರಾಣಿಗೇ ತನ್ನಿ. ಸರ್ವಿಸಿಂದ ಬಂದ ಮೊದಲ ಡೈವ್‌ನಲ್ಲೇ ಗಾಳಿ ಸೋರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೊಸ ಚಪ್ಪಲಿ ಹಾಕ್ಕೊಂಡು ಕೊಡಚಾದ್ರಿ ಹತ್ತಿದ ಹಾಗೆ ಆಗಬಾರದು.

ಕಿವಿಮಾತು · ಡಿ. 29, ಮಧ್ಯಾಹ್ನ 3:00

ನಾನು ಕಿವಿ-ಮೂಗು-ಗಂಟಲು ವೈದ್ಯ, ಬಿಡುವಾದಾಗ ಡೈವ್ ಮಾಡುತ್ತೇನೆ. ‘ಒಂದು ಡಬ್ಬ ಔಷಧಿ’ ಎಂದಿದ್ದೀರಿ. ಅದರಲ್ಲಿ ಏನಿದೆ, ಯಾರು ಬರೆದುಕೊಟ್ಟರು, ರಕ್ತದೊತ್ತಡದ ಮಾತ್ರೆ ಏನಾದರೂ ಇದೆಯೇ?

ನೀರುನಾಯಿ · ಡಿ. 29, ಸಂಜೆ 6:45

ಬಿಪಿ ಮಾತ್ರೆ ಒಂದು ವರ್ಷದಿಂದ ತಗೊಳ್ತಿದ್ದೀನಿ ಡಾಕ್ಟ್ರೇ, ಕಂಟ್ರೋಲ್‌ನಲ್ಲಿದೆ. ಹಡಗಿನವರ ಆರೋಗ್ಯದ ಫಾರಂನಲ್ಲಿ ಬಿಪಿ ಪ್ರಶ್ನೆಗೆ ‘ಇಲ್ಲ’ ಅಂತ ಹಾಕೋಣ ಅಂತಿದ್ದೆ.

ಕಿವಿಮಾತು · ಡಿ. 29, ರಾತ್ರಿ 9:15

ದಯವಿಟ್ಟು ಹಾಗೆ ಮಾಡಬೇಡಿ. ‘ಹೌದು’ ಎಂದೇ ಬರೆಯಿರಿ, ಡೈವಿಂಗ್ ಬಗ್ಗೆ ತಿಳಿದ ವೈದ್ಯರಿಗೆ ತೋರಿಸಿ, ಅದೇ ಫಾರಂ ಮೇಲೆ ಸಹಿ-ಮೊಹರು ಹಾಕಿಸಿಕೊಂಡು ಎರಡು ಪ್ರತಿ ಇಟ್ಟುಕೊಳ್ಳಿ. ಸಹಿ ಇಲ್ಲದ ‘ಹೌದು’ ಇದ್ದರೆ ಹಡಗಿನವರು ನೀರಿಗೆ ಇಳಿಸುವುದಿಲ್ಲ, ನಡುಗಡಲಲ್ಲಿ ಸಹಿ ಹಾಕುವವರು ಸಿಗುವುದಿಲ್ಲ. ಸುಳ್ಳು ಬರೆದು ಏನಾದರೂ ಆದರೆ ವಿಮೆಯೂ ಕೈಕೊಡುತ್ತದೆ. ವಿಮೆ ಎಂದಾಗ: ಸಾಮಾನ್ಯ ಪ್ರವಾಸ ವಿಮೆಯಲ್ಲಿ ಡೈವಿಂಗ್ ಹೊರಗಿಟ್ಟಿರುವುದುಂಟು, ಅಥವಾ ಇಂತಿಷ್ಟು ಆಳ ಎಂದು ಮಿತಿ ಹಾಕಿರುವುದುಂಟು. ಸಣ್ಣಕ್ಷರ ಓದಿ. ಡ್ಯಾನ್‌ನಂಥ (ಡೈವರ್ಸ್ ಅಲರ್ಟ್ ನೆಟ್‌ವರ್ಕ್) ಡೈವರ್‌ಗಳದೇ ಸಂಸ್ಥೆಯ ವಿಮೆ ಇದ್ದರೆ ಒಳ್ಳೆಯದು.

ಮಲೇರಿಯಾ. ಇಂಡೊನೇಷ್ಯಾದಲ್ಲಿ ಅದು ಹೆಚ್ಚಿರುವುದು ಪಪುವಾ ಭಾಗದಲ್ಲೇ. ತಡೆ ಮಾತ್ರೆ ಬೇಕೇ, ಯಾವುದು ಎಂದು ವೈದ್ಯರು ನಿರ್ಧರಿಸಲಿ. ಡೈವ್ ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳಿ. ಮೆಫ್ಲೋಕ್ವಿನ್ ಡೈವರ್‌ಗಳಿಗೆ ಕೊಡುವುದನ್ನು ತಪ್ಪಿಸುತ್ತೇವೆ. ಅದು ತರುವ ತಲೆಸುತ್ತು, ಆತಂಕ, ನಿದ್ರಾಹೀನತೆ ಡಿಕಂಪ್ರೆಷನ್ ತೊಂದರೆಯ (ಮೇಲೆ ಬರುವಾಗ ಮೈಯೊಳಗೆ ಅನಿಲದ ಗುಳ್ಳೆ ಏಳುವುದು) ಲಕ್ಷಣಗಳ ಜೊತೆ ಕಲಸಿಹೋಗುತ್ತದೆ. ಡಾಕ್ಸಿಸೈಕ್ಲಿನ್ ಕೊಟ್ಟರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಊರಿಗೆ ಬಂದ ಮೇಲೂ ನಾಲ್ಕು ವಾರ ನುಂಗಬೇಕು.

ಹಡಗಿನ ಓಲಾಟಕ್ಕೆ ಮಾತ್ರೆ ಒಯ್ಯುವುದಾದರೆ ಇಲ್ಲೇ ಒಂದು ದಿನ ನುಂಗಿ ನೋಡಿ. ಕೆಲವರಿಗೆ ಕಣ್ಣೆಳೆಯುತ್ತದೆ, ಅದು ಗೊತ್ತಾಗುವುದು ನೀರಿನಾಳದಲ್ಲಿ ಆಗಬಾರದು. ಮೂಗು ಕಟ್ಟಿದೆ ಎಂದು ಡ್ರಾಪ್ಸ್ ಹಾಕಿಕೊಂಡು ಇಳಿಯುವ ಚಾಳಿ ನಮ್ಮವರಲ್ಲಿ ಬಹಳ. ನೀವು ನೀರಿನಾಳದಲ್ಲಿರುವಾಗಲೇ ಔಷಧಿಯ ಪ್ರಭಾವ ಮುಗಿದರೆ, ಮೇಲೆ ಬರುವಾಗ ಒಳಗಿನ ಗಾಳಿಗೆ ದಾರಿ ಸಿಗುವುದಿಲ್ಲ. ನೆಗಡಿ ಬಂದರೆ ಆ ದಿನ ಡೆಕ್ ಮೇಲೆ ಕುಳಿತು ಪುಸ್ತಕ ಓದಿ. ಪ್ರತಿ ಡೈವ್ ಆದ ಮೇಲೆ ಸಿಹಿನೀರಿನಲ್ಲಿ ಕಿವಿ ತೊಳೆದು ಒಣಗಿಸಿಕೊಳ್ಳಿ. ದೂರದ ಹಡಗುಗಳಲ್ಲಿ ಜನರ ಡೈವ್ ಹಾಳಾಗುವುದು ಶಾರ್ಕಿನಿಂದಲ್ಲ, ಕಿವಿ ಸೋಂಕಿನಿಂದ.

ನಿದ್ದೆ ಬರದಿರುವುದಕ್ಕೆ ಮಾತ್ರೆ ಕೇಳಬೇಡಿ. ಮನೆಯವರಿಗೆ ಹೇಳಿ.

ಪೇಡೆ_ಪಾರ್ಸೆಲ್ · ಡಿ. 29, ರಾತ್ರಿ 10:00

ಡಾಕ್ಟರ್ ಸಾಹೇಬ್ರು ಹೇಳಿದ್ದು ಎಲ್ಲಾ ಖರೇ ಅದ, ಆದ್ರ ಓದಿ ನನಗ ಅಂಜಿಕಿ ಹತ್ತೇತಿ. ಸ್ವಲ್ಪ ಚಲೋ ಸುದ್ದಿ ಹೇಳತೇನಿ.

ಕೇಪ್ ಕ್ರಿ ಅಂತ ಒಂದ ಜಾಗಾ. 2012ರಾಗ ಜೆರಿ ಆಲನ್ ಅನ್ನೋ ಮೀನು ತಜ್ಞರು ಅಲ್ಲಿ ಒಂದ ಡೈವಿನ್ಯಾಗ 374 ಜಾತಿ ಮೀನು ಎಣಿಸ್ಯಾರ. ಒಂದ ಡೈವ್! ನಾ ಇಳದಾಗ ಎಣಸೂದು ಬಿಟ್ಟು ಬಾಯಿ ತಕ್ಕೊಂಡ ನಿಂತಿದ್ದೆ, ರೆಗ್ಯುಲೇಟರ್ ಬಿದ್ದು ಹೋಗೂದು ಒಂದ ಬಾಕಿ ಇತ್ತು. ರಾತ್ರಿ ಡೈವಿನ್ಯಾಗ ಕಾಲಿದ್ದಂಗ ರೆಕ್ಕಿ ಊರಿಕೊಂಡ ನೆಲದ ಮ್ಯಾಲೆ ನಡಿಯೋ ಸಣ್ಣ ಶಾರ್ಕ್ ನೋಡಿದ್ದೆ. ವೊಬ್ಬೆಗಾಂಗ್ ಅಂತ ಇನ್ನೊಂದು ಶಾರ್ಕ್, ಹರಕ ಜಮಖಾನಿ ಹಾಸಿದಂಗ ಬಿದ್ದಿರತದ, ತುಳದ್ರನ ಗೊತ್ತಾಗೂದು. ತುಳೀಬ್ಯಾಡ್ರಿ.

ಊಟದ್ದು: ಹಡಗಿನ್ಯಾಗ ಟೆಂಪೆ, ತೋಫು, ಅನ್ನ ಬೇಕಾದಷ್ಟು. ಆದ್ರ ಸಾಂಬಾಲ್ ಚಟ್ನಿಯೊಳಗ ತೆರಾಸಿ ಅಂತ ಸಿಗಡಿ ಹಿಂಡಿ ಹಾಕಿರ್ತಾರ. ಶಾಕಾಹಾರಿ ಇದ್ರ ‘ತನ್ಪಾ ತೆರಾಸಿ, ತನ್ಪಾ ಇಕಾನ್’ ಅಂತ ಕಲ್ತ ಹೋಗ್ರಿ. ತನ್ಪಾ ಅಂದ್ರ ಇಲ್ಲದ್ದು, ಇಕಾನ್ ಅಂದ್ರ ಮೀನು. ಮೂರ ಕೆಜಿ ತಿಂಡಿ ಬ್ಯಾಡ. ಖಡಕ್ ರೊಟ್ಟಿ ಇಪ್ಪತ್ತು, ಶೇಂಗಾ ಚಟ್ನಿ ಪುಡಿ ಒಂದ ಪಾಕೀಟು. ತೂಕ ಇಲ್ಲ, ಕೆಡೂದಿಲ್ಲ. ನಾ ಒಯ್ದದ್ದರಾಗ ಅರ್ಧಾ ಹಡಗಿನ ಹುಡುಗ್ರು ತಿಂದ್ರು, ಕ್ರಾಕರ್ ಅಂತ ತಿಳಕೊಂಡಿದ್ರು.

ಪರ್ತ್_ಪಡಸಾಲೆ · ಡಿ. 30, ಬೆಳಿಗ್ಗೆ 7:30

ಸೆಳೆತದ ಬಗ್ಗೆ ನಾನು ಹೇಳಬೇಕಿತ್ತು. ಪೆಸಿಫಿಕ್ ಸಾಗರದ ನೀರು ಇಂಡೊನೇಷ್ಯಾದ ದ್ವೀಪಗಳ ನಡುವಿನ ಕಿಂಡಿಗಳಲ್ಲಿ ನುಗ್ಗಿ ಹಿಂದೂ ಮಹಾಸಾಗರಕ್ಕೆ ಬರುತ್ತೆ. ಅದರ ಮೇಲೆ ಉಬ್ಬರ-ಇಳಿತ ಬೇರೆ. ವೈಗಿಯೋ ಮತ್ತು ಬತಾಂತ ದ್ವೀಪಗಳ ನಡುವಿನ ಡ್ಯಾಂಪಿಯರ್ ಜಲಸಂಧಿಯಲ್ಲಿ ಅದಕ್ಕೇ ಅಷ್ಟು ಎಳೆತ, ಆ ಎಳೆತ ಹೊತ್ತು ತರೋ ಆಹಾರಕ್ಕೇ ಅಷ್ಟು ಮೀನು. ಒಂದನ್ನ ಬಿಟ್ಟು ಇನ್ನೊಂದು ಸಿಗಲ್ಲ. ಅಂದಹಾಗೆ ಆ ಬೆಚ್ಚನೆ ನೀರಿನ ಒಂದು ಪಾಲು ಲ್ಯೂವಿನ್ ಪ್ರವಾಹ ಆಗಿ ನಮ್ಮ ಪರ್ತ್ ಕರಾವಳಿ ತನಕ ಬರುತ್ತೆ. ನೀವು ಕೈ ತೊಳೆದ ನೀರಲ್ಲಿ ನಾನು ಕಾಲು ತೊಳೀತೀನಿ ಅಂತ ಇಟ್ಕೊಳ್ಳಿ.

ಹಡಗು ಹತ್ತಿದ ಮೊದಲ ಸಂಜೆಯೇ ಡೈವ್ ಮುಖ್ಯಸ್ಥರಿಗೆ ಹೇಳಿ: 38 ಡೈವ್, 14 ತಿಂಗಳ ಅಂತರ, ಒಮ್ಮೆ ಗುಂಪು ತಪ್ಪಿತ್ತು. ನಾಚಿಕೆ ಬೇಡ, ಗುಂಪು ಹಂಚೋದೇ ಅದರ ಮೇಲೆ. ಮೊದಲ ಡೈವ್ ಸಾಮಾನ್ಯವಾಗಿ ಶಾಂತ ಜಾಗದಲ್ಲಿ ಚೆಕ್ ಡೈವ್ ಇರುತ್ತೆ.

ಅಳಿವೆಬಾಗಿಲು · ಡಿ. 30, ಬೆಳಿಗ್ಗೆ 8:00

ಅದಕ್ಕೆ ಒಂದು ಸೇರಿಸ್ತೇನೆ. ಸೆಳೆತದಲ್ಲಿ ಎದುರು ಈಜಬೇಡಿ, ಬಂಡೆಯ ಹತ್ತಿರ ತಗ್ಗಿ ಇರಿ. ನೆಲದ ಸಮೀಪ ಎಳೆತ ಕಡಿಮೆ. ರೀಫ್ ಹುಕ್ (ಸೆಳೆತದಲ್ಲಿ ಬಂಡೆ ಹಿಡಿದು ನಿಲ್ಲುವ ಕೊಕ್ಕೆ) ಕೊಟ್ಟರೆ ಸತ್ತ ಬಂಡೆಗೆ ಮಾತ್ರ ಸಿಕ್ಕಿಸಿ, ಜೀವ ಇರುವ ಹವಳಕ್ಕಲ್ಲ. ಮತ್ತೆ, ನಾಲ್ಕು ಡೈವ್ ಉಂಟು ಅಂತ ನಾಲ್ಕೂ ಮಾಡಲೇಬೇಕು ಅಂತ ಇಲ್ಲ. ನೀರಿನಲ್ಲಿ ಇಳಿದ ಮೇಲೂ ಹೆಬ್ಬೆರಳು ಮೇಲೆ ತೋರಿಸಿದರೆ, ಅಂದರೆ ‘ಮೇಲೆ ಹೋಗುವ’ ಅಂತ, ಮುಗೀತು, ಯಾಕೆ ಅಂತ ಯಾರೂ ಕೇಳಬಾರದು.

ಹಡಗು ಪಿನಿಸಿ ಆದರೆ ಚಂದ ನೋಡಿ. ದಕ್ಷಿಣ ಸುಲಾವೆಸಿಯವರು ಕಟ್ಟುವ ಮರದ ಹಡಗು, ಆ ಕಸುಬು 2017ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ನಮ್ಮ ಕಡೆಯ ಮಂಜಿ ಹಾಯಿಹಡಗಿನ ದೊಡ್ಡಣ್ಣ ಅನ್ನಿಸ್ತದೆ ನನಗೆ. ರಾತ್ರಿ ಮರ ಕಿರುಗುಟ್ತದೆ, ಹೆದರಬೇಡಿ.

ನೀರುನಾಯಿ · ಜ. 5, ರಾತ್ರಿ 9:40

ನೇತ್ರಾಣಿಗೆ ಹೋಗಿ ಬಂದೆ. ನೀರು ಮಂಕು, ನಾಲ್ಕು ಮೀಟರ್ ಆಚೆ ಏನೂ ಕಾಣ್ತಿರಲಿಲ್ಲ. ಎಸ್‌ಎಂಬಿ ಮೊದಲ ಸಲ ದಾರ ಸಿಕ್ಕಿಕೊಂಡು ನನ್ನನ್ನ ಒಂದು ಮೀಟರ್ ಎಳೆದೇಬಿಡ್ತು. ಕೈ ಬಿಟ್ಟೆ. ಎರಡನೇದು ಅರ್ಧ ಊದಿ ಸೊಟ್ಟಗೆ ಮಲಗ್ತು. ಮೂರು, ನಾಲ್ಕು, ಐದು ನೆಟ್ಟಗೆ ನಿಂತವು. ಆಮೇಲೆ ಮೇಲೆ ಬಂದು ಅದನ್ನ ಹಿಡ್ಕೊಂಡು ತೇಲ್ತಾ ಇದ್ದೆ, ಬೇಕಂತಲೇ. ಬೋಟಿನವರಿಗೆ ಮೊದಲೇ ಹೇಳಿದ್ದೆ, ಹತ್ತು ನಿಮಿಷ ಬರಬೇಡಿ ಅಂತ. ಮೂರನೇ ನಿಮಿಷಕ್ಕೆ ಅಳು ಬಂತು, ಏಳನೇ ನಿಮಿಷಕ್ಕೆ ಹಸಿವಾಯ್ತು.

ರೆಗ್ಯುಲೇಟರ್‌ನ ಎರಡನೇ ಬಾಯಿ ಸೋರ್ತಿತ್ತು, ಸರ್ವಿಸಿಂದ ಬಂದದ್ದೇ. ವಾಪಸ್ ಕೊಟ್ಟಿದ್ದೀನಿ, ಗುರುವಾರ ಸಿಗುತ್ತೆ.

ಬರ್ತಾ ಬಸ್ಸಿನಲ್ಲಿ ಯಜಮಾನರಿಗೆ ಫೋನ್ ಮಾಡಿ ಅಂಡಮಾನಿನ ಕಥೆ ಪೂರ್ತಿ ಹೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಆ ಕೇಸರಿ ಬಲೂನು ಎರಡು ತಗೋ’ ಅಂದರು.

ಕಿವಿಮಾತು · ಜ. 5, ರಾತ್ರಿ 10:10

ಫಾರಂ?

ನೀರುನಾಯಿ · ಜ. 5, ರಾತ್ರಿ 10:12

ಸಹಿ ಆಯ್ತು ಡಾಕ್ಟ್ರೇ. ಎರಡು ಪ್ರತಿ.

ಅರ್ಧಂಬರ್ಧ · ಜ. 6, ಬೆಳಿಗ್ಗೆ 11:00

ನಾನು ಸುಮ್ಮನೆ ಕೇಳ್ತಿದ್ದೀನಿ, ಈ ನೇತ್ರಾಣಿ ಕಲಿಕೆಗೆ ಎಷ್ಟು ದಿನ ಬೇಕು?

ನೀರುನಾಯಿ · ಜ. 11, ರಾತ್ರಿ 1:15

ಅಂತಿಮ ತೂಕ 19.6, ಕೈಚೀಲ 7. ಮಾಸ್ಕ್ ಎರಡು, ಟಾರ್ಚ್ ಎರಡು, ಚಾಕು ಒಂದು, ಎಸ್‌ಎಂಬಿ ಎರಡು. ಟೀಶರ್ಟ್ ಮೂರು (ಎರಡಕ್ಕೆ ಮನಸ್ಸು ಒಪ್ಪಲಿಲ್ಲ). ಬೆಡ್‌ಶೀಟ್ ಮಡಚಿಟ್ಟೆ. ಹಾಲ್ ಖಾಲಿ ಕಾಣ್ತಿದೆ. ನಿದ್ದೆ ಈಗಲೂ ಇಲ್ಲ, ಆದ್ರೆ ತೂಕದ ಕೊಕ್ಕೆ ಮುಟ್ಟಿಲ್ಲ.

ಪರ್ತ್_ಪಡಸಾಲೆ · ಜ. 11, ಬೆಳಿಗ್ಗೆ 6:20

ವಾಪಸ್ ಬರೋವಾಗ ಕೊನೇ ಡೈವ್ ಆದಮೇಲೆ ವಿಮಾನಕ್ಕೆ ಕನಿಷ್ಠ 18 ಗಂಟೆ ಬೇಕು, ದಿನಗಟ್ಟಲೆ ಡೈವ್ ಮಾಡಿದವರಿಗೆ 24 ಇದ್ದರೆ ನೆಮ್ಮದಿ. ಟಿಕೆಟ್ ನೋಡ್ಕೊಳ್ಳಿ. ಶುಭ ಪ್ರಯಾಣ.

ನೀರುನಾಯಿ · ಜ. 14, ಬೆಳಿಗ್ಗೆ 11:30

ಸೊರೊಂಗ್ ಬಂದರು. ಇಲ್ಲಿ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಮಳೆ ಜಿನುಗ್ತಿದೆ. ಬ್ಯಾಗ್ ಬಂತು. ಹಡಗು ಮರದ್ದೇ. ಡೈವ್ ಮುಖ್ಯಸ್ಥರಿಗೆ ಎಲ್ಲ ಹೇಳಿದೆ, ಅವರು ಬರ್ಕೊಂಡರು, ನನ್ನನ್ನ ನಾಲ್ಕು ಜನರ ಸಣ್ಣ ಗುಂಪಿಗೆ ಹಾಕಿದ್ದಾರೆ.

ಬ್ಯಾಗ್ ಬಿಚ್ಚಿದಾಗ ಫಿನ್ ಒಳಗೆ ಒಂದು ಸಣ್ಣ ಪೊಟ್ಟಣ ಸಿಕ್ತು. ರಾಯರ ಮಠದ ಮಂತ್ರಾಕ್ಷತೆ, ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿದ್ದಾರೆ, ನೀರು ತಾಗದ ಹಾಗೆ. ಅತ್ತೆ ಯಾವಾಗ ಇಟ್ಟರೋ.

ಇನ್ನರ್ಧ ಗಂಟೆಗೆ ಸಿಗ್ನಲ್ ಹೋಗುತ್ತಂತೆ. @ಪೇಡೆ_ಪಾರ್ಸೆಲ್, ಖಡಕ್ ರೊಟ್ಟಿ ಇಪ್ಪತ್ತರಲ್ಲಿ ಹತ್ತೊಂಬತ್ತು ಪುಡಿ.

ಪೇಡೆ_ಪಾರ್ಸೆಲ್ · ಜ. 14, ಬೆಳಿಗ್ಗೆ 11:34

ಪುಡಿ ಆದ್ರೂ ರೊಟ್ಟಿನ ಅಕ್ಕಾರ. ಮಸರಿನ್ಯಾಗ ಕಲಿಸಿ ತಿನ್ರಿ.